ಕೆಂಪು ನೆಲ, ಕೆಂಪು ಸೀರೆ

ಬಣ್ಣದಂಗಡಿಯವನು ಮೊನ್ನೆ ಹತ್ತು ಬಗೆಯ ಕಂದುಗೆಂಪನ್ನು ನನ್ನ ಮುಂದೆ ಹರಡಿದಾಗ, ಎಪ್ಪತ್ತರ ದಶಕದ ರಾಜಾಜಿನಗರದ ನಮ್ಮ ನಡುಮನೆ ನೆನಪಾಯಿತು.

ಅಲ್ಲಿ ರೆಡ್ ಆಕ್ಸೈಡ್ ನೆಲ. ತಾತನ ಅಕ್ಕ, ನಮ್ಮ ದೊಡ್ಡಜ್ಜಿ, ಉಡುತ್ತಿದ್ದುದೂ ಅದೇ ಬಣ್ಣದ ಸೀರೆ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರಿಗೆ ಬೇರೆ ಬಣ್ಣ ಮಂಜೂರಾಗಿರಲಿಲ್ಲ. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅವರು ಎದುರಿಗೆ ಬರಬಾರದೆಂಬುದು ಮನೆಯ ಕಾನೂನು.

ಒಂದು ಮಧ್ಯಾಹ್ನ ಚಿಕ್ಕಪ್ಪ ಬ್ಯಾಂಕಿನ ಇಂಟರ್‌ವ್ಯೂಗೆ ಸಿದ್ಧನಾದ. ಅಮ್ಮ ನಡುಮನೆಗೆ ಇಣುಕಿ, "ಯಾರೂ ಇಲ್ಲ, ಹೊರಡಪ್ಪ" ಎಂದು ಅಪ್ಪಣೆ ಕೊಟ್ಟಳು. ಅವನು ಎರಡು ಹೆಜ್ಜೆ ಇಟ್ಟದ್ದೇ ತಡ, ನೆಲದ ಒಂದು ಭಾಗ ಎದ್ದು ಕೂತಿತು. ತಂಪಿಗೆಂದು ಮಲಗಿದ್ದ ದೊಡ್ಡಜ್ಜಿ!

ಚಿಕ್ಕಪ್ಪ ಶಾಸ್ತ್ರದಂತೆ ಹಿಂದಿರುಗಿ, ನೀರಿನ ಲೋಟ ಹಿಡಿದು ಕೂತ. ಬಸ್ಸಿಗೆ ಐದೇ ನಿಮಿಷವಿತ್ತು.

ನಾನು ದೊಡ್ಡಜ್ಜಿಯ ಸೆರಗನ್ನು ನೆಲಕ್ಕೆ ತಾಗಿಸಿ ಬಣ್ಣ ಹೋಲಿಸುತ್ತಿದ್ದೆ.

"ದೊಡ್ಡಜ್ಜಿ, ಮಠದ ಸ್ವಾಮಿಗಳದ್ದೂ ಹೆಚ್ಚುಕಮ್ಮಿ ಇದೇ ಬಣ್ಣ ಅಲ್ವಾ? ಅವ್ರು ಎದುರಿಗೆ ಬಂದ್ರೆ ಎಲ್ರೂ ಅಡ್ಡ ಬೀಳ್ತಾರೆ. ನೀವು ಬಂದ್ರೆ ಯಾಕೆ ನೀರು ಕುಡೀತಾರೆ?"

"ಬಾಯಿ ಮುಚ್ಚೇ!" ಎಂದಳು ಅಮ್ಮ.

"ಅವ್ರು ತಾವಾಗೇ ಉಟ್ಕೊಂಡಿದ್ದು ಕಣೇ. ನಂಗೆ ಬೇರೆಯವ್ರು ಉಡಿಸಿದ್ದು," ಎಂದರು ದೊಡ್ಡಜ್ಜಿ, ಹವಾಮಾನ ವರದಿ ಓದಿದಂತೆ.

ಚಿಕ್ಕಪ್ಪ ಲೋಟ ಕೆಳಗಿಟ್ಟ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಆ ಕೆಂಪು ನೆಲದ ಮೇಲೆ ದೊಡ್ಡಜ್ಜಿಗೆ ಉದ್ದಕ್ಕೆ ಅಡ್ಡಬಿದ್ದ.

ಹೊರಟವರನ್ನು ಹರಸಿ ಅಭ್ಯಾಸವಿಲ್ಲದ ದೊಡ್ಡಜ್ಜಿ ಗಾಬರಿಯಾದರು. ಎರಡೂ ಕೈಯೆತ್ತಿ, "ಬಸ್ ಸಿಗ್ಲಿ, ಹೋಗಪ್ಪಾ" ಎಂದರು.