ಕರಿಯನ ಕೊರಳಪಟ್ಟಿ

ಹಿರಿಯರ ಮಡಿಗೂ ಪುರಸಭೆಯ ಆತುರಕ್ಕೂ ಪ್ರಾಣ ತೆತ್ತದ್ದು ಕರಿಯ ಎಂಬ ನಮ್ಮ ನಾಯಿ. ಹೊಸ ಚರ್ಮದ ವಾಸನೆ ಬಂದರೆ ಇಂದಿಗೂ ಶಿರಾದ ಆ ಮಧ್ಯಾಹ್ನ ನನ್ನೆದುರು ಬಂದು ನಿಲ್ಲುತ್ತದೆ.

ತಳ ಕಿತ್ತುಹೋದ ಕಡಲೆಕಾಯಿ ಜರಡಿಯೊಳಗಿಂದ ಹಾರುವುದನ್ನು ನಾನೂ ಪಕ್ಕದ ಮನೆಯ ಮೆಹಬೂಬನೂ ಬೇಸಿಗೆಯೆಲ್ಲ ಕರಿಯನಿಗೆ ಕಲಿಸಿದ್ದೆವು. ಚರ್ಮದ ಕೊರಳಪಟ್ಟಿ ಇಲ್ಲದ ನಾಯಿಗಳನ್ನು ಕೊಲ್ಲಲಾಗುವುದೆಂದು ಪುರಸಭೆ ಅಂದು ಬೆಳಿಗ್ಗೆಯಷ್ಟೇ ಡಂಗುರ ಹೊಡೆಸಿತ್ತು. ಕುದುರೆ ಜೀನು ಹೊಲಿಯುತ್ತಿದ್ದ ತನ್ನ ತಂದೆಯಿಂದ ಮೆಹಬೂಬ ಹೊಸ ಪಟ್ಟಿಯೊಂದನ್ನು ಕೇಳಿ ತಂದು ಕರಿಯನ ಕೊರಳಿಗೆ ಕಟ್ಟಿದ.

ಅಜ್ಜಿ ಜಗಲಿಯಿಂದಲೇ ಕೂಗಿದಳು. “ಲೇ, ಚರ್ಮ ಮುಟ್ಟಿ ಒಳಕ್ಕೆ ಬಂದ್ಬುಟ್ಟೀಯ! ಬಿಚ್ಚಾಕು ಅದ್ನ!”

“ಇಲ್ದಿದ್ರೆ ಸಾಯಿಸ್ತಾರೆ ಕಣಜ್ಜಿ,” ಎಂದೆ ನಾನು.

“ನಾಯಿಗ್ಯಾಕ್ಲಾ ಒಡವೆ? ಹಗ್ಗ ಕಟ್ಟು, ಸಾಕು.”

ನಮ್ಮ ತೋಟಕ್ಕೆ ಕಪಿಲೆಯ ಚರ್ಮದ ಚೀಲವೇ ಬಾವಿಯಿಂದ ನೀರೆತ್ತುತ್ತಿತ್ತು. ಅದಕ್ಕೆ ಮೈಲಿಗೆ ಇರಲಿಲ್ಲ. ನಾನು ಪಟ್ಟಿ ಬಿಚ್ಚಿ ಹಗ್ಗ ಕಟ್ಟಿದೆ.

ಸ್ವಲ್ಪ ಹೊತ್ತಿಗೆ ಪುರಸಭೆಯ ಜವಾನ ಕೋವಿ ಹಿಡಿದು ಬಂದ. ಅವನೂ ಆಟ ನೋಡಲು ಬಂದನೆಂದು ತಿಳಿದ ಕರಿಯ ಜರಡಿಯೊಳಗಿಂದ ಹಾರಿ, ಅವನೆದುರು ಬಾಲ ಆಡಿಸುತ್ತ ಕುಳಿತಿತು.

“ನಮ್ ನಾಯಿ, ಸಾಮಿ!” ಎಂದು ಇಬ್ಬರೂ ಕಿರುಚಿದೆವು.

“ಪಟ್ಟಿ ಎಲ್ಲೈತ್ಲಾ? ಹಗ್ಗ ನಡೆಯಾಕಿಲ್ಲ,” ಎಂದು ಅವನು ಗುರಿಯಿಟ್ಟ.

ಪುರಸಭೆಯ ಮಹನೀಯರೇ, ಸತ್ತದ್ದು ಮರಳಿ ಬಾರದು, ನೀವು ಕಿವಿಗೊಡುವಿರೆಂಬ ಭರವಸೆಯೂ ನನಗಿಲ್ಲ. ಆದರೂ ಕೋವಿ ಎತ್ತುವ ಮುನ್ನ ಎದುರಿಗೆ ನಿಂತ ಮಗುವನ್ನು “ಇದು ಯಾರ ನಾಯಿ?” ಎಂದು ಕೇಳಿ, ಅದು ಹೇಳುವ ಮಾತಿಗೆ ಬೆಲೆ ಕೊಡಲೇಬೇಕೆಂದು ನಿಮ್ಮ ಆಜ್ಞೆಯಲ್ಲಿ ಬರೆಯಿರಿ.