ಬೀಸುವ ಪದದ ಒಡೆಯ

ರಾಜ್ಯಶಾಸ್ತ್ರ ವಿಭಾಗದಲ್ಲಿ ಅಂದು ಮಹಾಂತೇಶನ ಪಿಎಚ್‌.ಡಿ. ಮೌಖಿಕ ಪರೀಕ್ಷೆ. ವಿಷಯ, ಮುಕ್ತ ಸಂಸ್ಕೃತಿ ಚಳವಳಿಯ ರಾಜಕಾರಣ. ನನ್ನ ಅಜ್ಜಿ ಶಿವಗಂಗವ್ವನನ್ನು ಉದಾಹರಣೆಯೆಂದು ಮೊದಲ ಸಾಲಿನಲ್ಲೇ ಕೂರಿಸಿದ್ದರು.

ಎಲ್ಲರಂತೆ ಅಜ್ಜಿಯ ಕೊರಳಿಗೂ ನಾಮಕರಣದ ದಿನವೇ ಪಟ್ಟಿ ಕಟ್ಟಿದ್ದರು. ಇನ್ನೊಬ್ಬರ ಒಡೆತನದ ಹಾಡು ಬಾಯಿಗೆ ಬಂದರೆ ಅದು ಗಂಟಲನ್ನು ಬಿಗಿಯುತ್ತದೆ. ಅಜ್ಜಿಯ ಬೀಸುವ ಪದಕ್ಕೆ ಮಾತ್ರ ಒಡೆಯರಿರಲಿಲ್ಲ. ಬೀಸಲು ಕೂತವರೆಲ್ಲ ಒಂದೊಂದು ನುಡಿ ಸೇರಿಸುತ್ತ ಬಂದಿದ್ದರು, ಯಾರೂ ಬರೆದಿಟ್ಟಿರಲಿಲ್ಲ.

"ಸಂಸ್ಕೃತಿ ಯಾರಪ್ಪನ ಸ್ವತ್ತೂ ಅಲ್ಲ!" ಎಂದು ಮಹಾಂತೇಶ ಮೇಜು ಗುದ್ದಿದ. ಪಟ್ಟಿಗೆ ರೇಷ್ಮೆ ಸುತ್ತಿಕೊಂಡ ಕ್ರಾಂತಿಕಾರಿ ಪರೀಕ್ಷಕರು ತಲೆದೂಗಿ, ಪ್ರಬಂಧವನ್ನು ಅಂಗೀಕರಿಸಿ, ಪೇಡೆ ತಿಂದರು.

"ಆಯಿ, ಒಂದು ನುಡಿ ಹಾಡ್ರಿ," ಎಂದ ಹೊಸ ಡಾಕ್ಟರ್.

ಅಜ್ಜಿ ಬಾಯಿ ತೆರೆದಳು. ಪಟ್ಟಿ ಬಿಗಿಯಿತು. ಕೆಮ್ಮುತ್ತ ಕೂತುಬಿಟ್ಟಳು.

ಒಡೆಯರಿಲ್ಲದ ಹಾಡು ಮೊದಲು ಅಚ್ಚು ಹಾಕಿಸಿದವರ ಪಾಲೆಂದು ಶಾಲೆಯ ಮಕ್ಕಳಿಗೂ ಗೊತ್ತು. ಈ ಮಹಾಶಯ ಅಜ್ಜಿ ಮಾತಿನಲ್ಲಿ ಹೇಳಿ ಬರೆಸಿದ್ದ ಇಡೀ ಪದವನ್ನು ಪ್ರಬಂಧದ ಕೊನೆಗೆ ಅಚ್ಚು ಹಾಕಿಸಿದ್ದ.

"ಅದು ಈಗ ನನ್ನ ಹೆಸರಿಗೆ ಬಂದೈತ್ರಿ," ಎಂದು ನಾಚಿಕೊಂಡ. "ಒಂದು ಅರ್ಜಿ ಕೊಡ್ರಿ, ಹಾಡಾಕ ಪರವಾನಗಿ ಕೊಡ್ತೀನಿ."

"ಎಂಥಾ ಉದಾರ ಮನಸ್ಸು!" ಎಂದರು ಅವನ ಮಾರ್ಗದರ್ಶಕರು. ಚಪ್ಪಾಳೆ ಬಿತ್ತು.

ಅಜ್ಜಿ ಕೆಮ್ಮು ನಿಲ್ಲಿಸಿ ಅವನನ್ನೇ ನೋಡಿದಳು. "ಹಂಗಾರ ನೀನ ಹಾಡಪಾ, ಕೇಳ್ತೀನಿ."

ಮಹಾಂತೇಶ ಬಾಯಿ ತೆರೆದ. ಪಟ್ಟಿ ಬಿಗಿಯಲಿಲ್ಲ. ಆ ಪದವನ್ನು ಹಾಡಬಹುದಾದ ಗಂಟಲು ಲೋಕದಲ್ಲಿ ಅದೊಂದೇ ಉಳಿದಿತ್ತು, ಅದಕ್ಕೆ ಧಾಟಿಯೇ ಗೊತ್ತಿರಲಿಲ್ಲ.