ಹಳಸಿದ ಹುಳಿ

ಇವತ್ತಾದರೂ ಹೇಳಿಬಿಡಲೇ, ಇಲ್ಲ ಕಣ್ಣುಮುಚ್ಚಿ ನುಂಗಿಬಿಡಲೇ? ಮೂರು ದಿನದ ಹಿಂದಿನ ಹುಳಿ ತಟ್ಟೆಯಲ್ಲಿ ನೊರೆಯೆದ್ದು, ಲೋಳೆಲೋಳೆಯಾಗಿ ಹರಡಿಕೊಂಡಿತ್ತು. ಒಣಗದ ಒರೆಸುವ ಬಟ್ಟೆಯಂತೆ ನಾರುತ್ತಿತ್ತು. ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ನಾಲಿಗೆಗೆ ಸೋಕಿಸದೆ, ಬರೀ ಆವಿ ಮೂಸಿಯೇ ಉಪ್ಪು ಕಡಿಮೆಯೆನ್ನುತ್ತಿದ್ದ ಹೆಂಡತಿ, ಅದನ್ನೇ ಕಲಸಿಕೊಂಡು ಉಣ್ಣುತ್ತಿದ್ದಳು. ಅವನು ಒಂದು ತುತ್ತು ಬಾಯಿಗಿಟ್ಟ.

"ಹೇಗಿದೇರೀ?"

"ಚೆನ್ನಾಗಿದೆ ಕಣೇ."

"ಮತ್ತೆ ಹರಳೆಣ್ಣೆ ಕುಡಿದೋರ ಹಾಗೆ ಯಾಕೆ ಮುಖ? ತಗೊಳ್ಳಿ, ಇನ್ನೊಂದು ಸೌಟು."

ಅವಳ ಮನಸ್ಸು ನೋಯಬಾರದೆಂದು ಉಸಿರು ಬಿಗಿಹಿಡಿದು ಅದನ್ನೂ ನುಂಗಿದ.

ಸಂಜೆ ಅವಳ ಮರೆವನ್ನು ತೋರಿಸಲು ಹೋದಾಗ ಡಾಕ್ಟರು ಕೇಳಿದರು: "ವಾಸನೆ, ರುಚಿ ತಿಳಿಯುತ್ತಾ ಅಮ್ಮ? ಮರೆವಿನ ಕಾಯಿಲೆಯಲ್ಲಿ ಕೆಲವರಿಗೆ ಮೊದಲು ಅದೇ ಹೋಗುತ್ತೆ."

"ನಂಗೂ ಅನುಮಾನ ಬಂದಿತ್ತು ಡಾಕ್ಟ್ರೇ. ಅದಕ್ಕೇ ತಿಂಗಳಿಂದ ಪ್ರತಿ ಊಟಕ್ಕೂ ಇವರನ್ನ ಕೇಳಿ ನೋಡ್ತಿದೀನಿ. ಚೆನ್ನಾಗಿದೆ ಅಂತಾರೆ. ಇವತ್ತಂತೂ ಎರಡು ಸಲ ಹಾಕಿಸ್ಕೊಂಡ್ರು. ನನ್ನ ಮೂಗಿಗೇನೂ ಆಗಿಲ್ಲ, ಬರ್ಕೊಳ್ಳಿ."

ಡಾಕ್ಟರು ಬರೆದುಕೊಂಡು ಅವನತ್ತ ನೋಡಿದರು. "ಹೌದಾ ಸಾರ್?"

ಗಂಟಲಿಗೆ ಬಂದ ಹುಳಿತೇಗನ್ನು ನುಂಗಿಕೊಂಡು ಅವನು ಹೌದೆಂದು ತಲೆಯಾಡಿಸಿದ.